ಬಲಗಡೆಯ ಊರುಗಾಲು

ಅವನ ಬಾಯಲ್ಲಿ ಸಣ್ಣದೆಂಬ ಮಾತೇ ಇರಲಿಲ್ಲ. ಮಳೆ ಬಂದರೆ ಭಾರಿ ಮಳೆ, ನೆಗಡಿಯಾದರೆ ಭಾರಿ ನೆಗಡಿ, ಶೆಡ್ಡಿನಲ್ಲಿ ಒಂದು ಬೋಲ್ಟು ಕಾಣದಿದ್ದರೂ ಭಾರಿ ನಷ್ಟ. ಹಾಗಾಗಿ ಸುತ್ತಮುತ್ತಲಿನವರು ಅವನನ್ನು ಭಾರಿಯಣ್ಣ ಎಂದೇ ಕರೆಯುತ್ತಿದ್ದರು. ಆಳೂ ಹೆಸರಿಗೆ ತಕ್ಕ ಹಾಗಿದ್ದ. ಬಾಗಿಲಲ್ಲಿ ನಿಂತನೆಂದರೆ ಒಳಗಿದ್ದವರು ದೀಪ ಹಾಕಿಕೊಳ್ಳಬೇಕಾಗುತ್ತಿತ್ತು.

ಅವನು ಓಡಿಸುತ್ತಿದ್ದದ್ದು ದೊಡ್ಡ ಬ್ಯಾಕ್‌ಹೋ. ಮುಂದೆ ಮಣ್ಣು ಬಾಚುವ ಅಗಲವಾದ ತೊಟ್ಟಿ, ಹಿಂದೆ ನೆಲ ಅಗೆಯುವ ಉದ್ದನೆಯ ತೋಳು, ತೋಳಿನ ಎರಡೂ ಬದಿಗೆ ನೆಲಕ್ಕೆ ಒತ್ತಿ ನಿಲ್ಲುವ ಕಬ್ಬಿಣದ ಊರುಗಾಲುಗಳು. ಒಬ್ಬನ ಹೆಗಲ ಮೇಲೆ ಇನ್ನೊಬ್ಬ ನಿಂತರೂ ಮೇಲಿನವನ ತಲೆ ಕಾಣದಷ್ಟು ಆಳಕ್ಕೆ ಅದು ಕೈಯಿಳಿಸುತ್ತಿತ್ತು. ರಸ್ತೆಯಲ್ಲಿ ಹೋದರೆ ಅಂಗಡಿಗಳ ಗಾಜು ಗಲಗಲ ಎನ್ನುತ್ತಿತ್ತು. ಆ ಸದ್ದು ಕೇಳಿದರೆ ಅವನಿಗೆ ಊಟ ಮಾಡಿದಷ್ಟು ತೃಪ್ತಿ.

ಅದೇ ಶೆಡ್ಡಿನ ಇನ್ನೊಂದು ಮೂಲೆಯಲ್ಲಿ ತಂಗಿಯ ಗಾಡಿ ನಿಲ್ಲುತ್ತಿತ್ತು. ಸಣ್ಣ ಟ್ರಾಕ್ಟರು, ಅದರ ಬೆನ್ನಿಗೆ ಬಿಗಿದ ಪುಟ್ಟ ಬ್ಯಾಕ್‌ಹೋ. ತೂಕದಲ್ಲಿ ಅಣ್ಣನದರ ಕಾಲುಭಾಗ. ಅಗೆತ ಒಬ್ಬ ಆಳು ಮುಳುಗುವಷ್ಟು, ಅದೂ ಮೆತ್ತನೆಯ ನೆಲವಾದರೆ. ಆದರೆ ಎರಡು ಮನೆಗಳ ನಡುವಿನ ಓಣಿಯಲ್ಲಿ ಅದು ನುಸುಳಿ ಹೋಗುತ್ತಿತ್ತು. ಹುಲ್ಲಿನ ಮೇಲೆ ಹಾದರೆ ಎರಡು ದಿನದಲ್ಲಿ ಹುಲ್ಲು ಮತ್ತೆ ತಲೆಯೆತ್ತುತ್ತಿತ್ತು. ತೋಳು ಬಿಚ್ಚಿಟ್ಟರೆ ಬೇರೆ ಹತ್ತು ಕೆಲಸಕ್ಕೆ ಬರುತ್ತಿತ್ತು. ಹೂಗಿಡಗಳ ನರ್ಸರಿಯಲ್ಲಿ ವರ್ಷಗಟ್ಟಲೆ ದುಡಿದು ತಂಗಿ ಅದನ್ನು ಕೊಂಡಿದ್ದಳು, ಓಡಿಸುವುದನ್ನು ತಾನೇ ಕಲಿತಿದ್ದಳು. ಹಿತ್ತಲಿನ ಕೊಳವೆ, ಅಂಗಳದ ಕಾಲುವೆ, ಮರದ ಬೇರು ಅಂತ ಈಗ ಅವಳನ್ನು ಕೇಳಿಕೊಂಡು ಜನ ಬರುತ್ತಿದ್ದರು.

ಭಾರಿಯಣ್ಣನಿಗೆ ಅದೊಂದು ಮುಜುಗರ. ರಿಪೇರಿ ಅಂಗಡಿಯಲ್ಲಿ ಗೆಳೆಯರು ಸೇರಿದಾಗ ಅವರು ನಗುವ ಮೊದಲೇ ತಾನೇ ನಗಿಸಿಬಿಡುತ್ತಿದ್ದ. "ನನ್ನ ತಂಗಿ ಗಾಡಿ ಅಗೆಯಲ್ಲ ಕಣ್ರೋ, ನೆಲಕ್ಕೆ ಕಚಗುಳಿ ಇಡುತ್ತೆ."

ಯಾವುದು ಕೊಳ್ಳಲಿ ಎಂದು ಯಾರಾದರೂ ಶೆಡ್ಡಿಗೆ ಬಂದು ಕೇಳಿದರೆ ಅವನ ಉತ್ತರ ಸಿದ್ಧವಿತ್ತು. "ದೊಡ್ಡದೇ ತಗೊಳ್ಳಿ. ದೊಡ್ಡದು ಸಣ್ಣ ಕೆಲಸಾನೂ ಮಾಡುತ್ತೆ. ಸಣ್ಣದನ್ನ ನಂಬೋಕಾಗಲ್ಲ."

"ಹೋದ ಸಲ ಕೊಳವೆ ಹಾಕೋಕೆ ಹೋದ ಮನೇಲಿ ಗೇಟೂ ಹೋಯ್ತು, ಕಾಂಪೌಂಡೂ ಹೋಯ್ತಲ್ಲ ಅಣ್ಣ," ಎನ್ನುತ್ತಿದ್ದಳು ತಂಗಿ, ಗ್ರೀಸ್ ಹಚ್ಚುತ್ತಲೇ.

"ಅದು ಹಳೇ ಗೋಡೆ. ನಾನು ಕೆಮ್ಮಿದ್ರೂ ಬೀಳ್ತಿತ್ತು."

ಹೀಗೆ ನಡೆದುಕೊಂಡು ಹೋಗುತ್ತಿದ್ದಾಗ ದೊಡ್ಡಪ್ಪ ತೀರಿಕೊಂಡರು. ಅಪ್ಪನಿಲ್ಲದ ಈ ಇಬ್ಬರನ್ನೂ ಸಾಕಿದವರು ಅವರೇ. ಅಣ್ಣನನ್ನು ತೊಡೆಯ ಮೇಲೆ ಕೂರಿಸಿಕೊಂಡು ಸ್ಟೀರಿಂಗ್ ಹಿಡಿಸಿದವರು, ತಂಗಿಯ ಮೊಣಕಾಲಿನ ಗಾಯ ತೊಳೆದವರು. ಮರುದಿನ ಮಧ್ಯಾಹ್ನ ಮಣ್ಣು ಮಾಡುವುದೆಂದು ಮಾತಾಯಿತು. ಹಳೆಯ ಸ್ಮಶಾನದ ಹಿಂಬದಿಯಲ್ಲಿ, ದೊಡ್ಡಮ್ಮನ ಪಕ್ಕದಲ್ಲಿ ಅವರಿಗೆ ಜಾಗವಿತ್ತು.

ಬೆಳಗ್ಗೆ ಭಾರಿಯಣ್ಣ ನಾಲ್ಕಾರು ನೆಂಟರ ಜೊತೆ ಅಲ್ಲಿಗೆ ಹೋದಾಗ ತಂಗಿ ಆಗಲೇ ಕೆಲಸದಲ್ಲಿದ್ದಳು. ಸ್ಮಶಾನದ ಕಾವಲುಗಾರ ಗುದ್ದಲಿ ಊರಿಕೊಂಡು ಪಕ್ಕದಲ್ಲಿ ನಿಂತಿದ್ದ. ತನ್ನ ಬೆನ್ನು ಕೈಕೊಟ್ಟ ಮೇಲೆ ಇಲ್ಲಿನ ಗುಂಡಿಗಳನ್ನೆಲ್ಲ ಇವಳೇ ತೆಗೆಯುತ್ತಿದ್ದಾಳೆಂದು ಅವನು ಹೇಳಿದಾಗ ಭಾರಿಯಣ್ಣನಿಗೆ ಅದು ಹೊಸ ಸುದ್ದಿ. ಒಂದೇ ಶೆಡ್ಡಿನಲ್ಲಿದ್ದರೂ ಅವಳ ಗಾಡಿ ದಿನಾ ಎಲ್ಲಿಗೆ ಹೋಗಿ ಬರುತ್ತದೆಂದು ಅವನು ಕೇಳಿದವನೇ ಅಲ್ಲ.

ಗುಂಡಿ ಸೊಂಟದ ಆಳಕ್ಕೆ ಬಂದು ನಿಂತುಬಿಟ್ಟಿತ್ತು. ಕೆಳಗೆ ಗಟ್ಟಿ ಜಲ್ಲಿಯ ಪದರ. ಬಕೆಟ್ಟಿನ ಹಲ್ಲು ಕಚ್ಚಿದಾಗಲೆಲ್ಲ ನೆಲ ಏಳುವ ಬದಲು ಟ್ರಾಕ್ಟರಿನ ಹಿಂಭಾಗವೇ ಎದ್ದು ಕುಕ್ಕರಿಸುತ್ತಿತ್ತು. ತಂಗಿ ಅವಸರ ಮಾಡುತ್ತಿರಲಿಲ್ಲ. ಬೊಗಸೆ ಬೊಗಸೆಯಾಗಿ ಅಂಚು ಕೆರೆದು ಪದರದ ಕೆಳಗೆ ಹಲ್ಲು ತೂರಿಸುತ್ತಿದ್ದಳು.

"ಏನು ಭಾರಿಯಣ್ಣ," ಎಂದ ಅವನ ಹೆಂಡತಿಯ ಅಣ್ಣ, ಕೈ ಹಿಂದೆ ಕಟ್ಟಿಕೊಂಡು. "ದೊಡ್ಡಪ್ಪನಿಗೆ ಇವತ್ತೇ ಜಾಗ ಸಿಗುತ್ತಾ, ಅಥವಾ ನಾಳೆ ಬರೋಣ್ವಾ?"

ಯಾರೋ ಮೂಗಿನಲ್ಲಿ ನಕ್ಕರು. ಭಾರಿಯಣ್ಣನ ಕಿವಿ ಬಿಸಿಯಾಯಿತು. ಸಾಕಿದ ಮನುಷ್ಯನ ಕೊನೆಯ ಕೆಲಸ, ಅದೂ ನೆಂಟರೆದುರಿಗೆ, ಆಟದ ಸಾಮಾನಿನಂಥ ಗಾಡಿಯಲ್ಲಿ! ನಾಚಿಕೆಯಿಂದ ಅವನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ನಿಜವಾದ ನಾಚಿಕೆ ಹೇಗಿರುತ್ತದೆಂದು ಅವನಿಗಿನ್ನೂ ಗೊತ್ತಿರಲಿಲ್ಲ.

"ತೆಗಿ ಅದನ್ನ. ನಾನು ನಂದು ತರ್ತೀನಿ."

ತಂಗಿ ಇಂಜಿನ್ ತಗ್ಗಿಸಿದಳು. "ಅಣ್ಣ, ಮಧ್ಯಾಹ್ನದೊಳಗೆ ಮುಗಿಯುತ್ತೆ. ನಿನ್ನ ಗಾಡಿ ಒಳಗೆ ಬಂದ್ರೆ ಕಾಲೂರೋಕೆ ಜಾಗ ಎಲ್ಲಿದೆ? ಬಲಗಡೆ ನೆಲ ಟೊಳ್ಳು. ಅಷ್ಟು ಭಾರ ತಡೆಯಲ್ಲ."

"ನೀನು ನಂಗೆ ಕಲಿಸ್ತೀಯಾ?" ಎಂದ ಅವನು, ಎಲ್ಲರಿಗೂ ಕೇಳುವಂತೆ. "ಕಚಗುಳಿ ಸಾಕು. ಇಳಿ."

ಅವಳು ಅವನ ಮುಖ ನೋಡಿದಳು, ನೆಂಟರ ಮುಖ ನೋಡಿದಳು. ಆಮೇಲೆ ತೋಳು ಮಡಚಿ, ಗೋರಿಗಳ ನಡುವಿನ ಸಂದಿಯಲ್ಲಿ ಯಾವುದಕ್ಕೂ ತಾಗಿಸದೆ ಹಿಂದೆ ಸರಿದು, ಗೇಟಿನಾಚೆ ಹೋದಳು. ಮನೆಯಲ್ಲಿ ಹೆಂಗಸರಿಗೆ ಕೈಜೋಡಿಸಬೇಕಿತ್ತು.

ದೊಡ್ಡ ಗಾಡಿ ಒಳಗೆ ಬರಲು ಗೇಟಿನ ಒಂದು ಕದವನ್ನೇ ಕಳಚಬೇಕಾಯಿತು. ಬಂದ ಮೇಲೆ ಮಾತ್ರ ಅದು ತನ್ನ ಯೋಗ್ಯತೆ ತೋರಿಸಿತು. ಭಾರಿಯಣ್ಣ ಊರುಗಾಲುಗಳನ್ನು ಒತ್ತಿ, ತೋಳು ಚಾಚಿ, ಜಲ್ಲಿಯ ಪದರವನ್ನು ರೊಟ್ಟಿ ಮುರಿದಂತೆ ಮುರಿದ. ಟೀ ಕುಡಿದು ಲೋಟ ಇಡುವಷ್ಟರಲ್ಲಿ ಗುಂಡಿ ತಯಾರು. "ಗಾಡಿ ಅಂದ್ರೆ ಇದಪ್ಪ," ಎಂದ ಭಾವ. ನೆಂಟರು ತಲೆದೂಗಿ ಗೇಟಿನ ಬಳಿಯ ನೆರಳಿಗೆ ಹೋದರು. ಕಾವಲುಗಾರ ಕದ ಮತ್ತೆ ಸಿಕ್ಕಿಸಲು ಸುತ್ತಿಗೆ ತರಲು ಹೋದ.

ಆಗ ಅವನು ಊರುಗಾಲುಗಳನ್ನು ಎತ್ತಿದ. ಎಡಗಡೆಯದು ಸಲೀಸಾಗಿ ಎದ್ದಿತು. ಬಲಗಡೆಯದು ಎದ್ದಾಗ ಕೆಳಗಿನಿಂದ ಒಣಗಿದ ಸದ್ದೊಂದು ಬಂತು. ಇಳಿದು ಹೋಗಿ ನೋಡಿದ. ಸುತ್ತಲಿನ ಹುಲ್ಲಿನ ನಡುವೆ ನೆಲಮಟ್ಟಕ್ಕೇ ಇದ್ದುದರಿಂದ ಅವನು ಗಮನಿಸದೆ ಬಿಟ್ಟಿದ್ದ ಕಲ್ಲುಚಪ್ಪಡಿಯೊಂದು ಎರಡು ಹೋಳಾಗಿ, ಒಂದು ಹೋಳು ಒಳಕ್ಕೆ ಕುಸಿದಿತ್ತು. ಚಿಕ್ಕ ಚಪ್ಪಡಿ. ದೊಡ್ಡವರದಲ್ಲವೆಂದು ಅಳತೆಯಲ್ಲೇ ತಿಳಿಯುತ್ತಿತ್ತು.

ಅವನು ಸುತ್ತ ನೋಡಿದ. ಯಾರ ಕಣ್ಣೂ ಇತ್ತ ಇರಲಿಲ್ಲ. ಆ ಗಳಿಗೆಯಲ್ಲಿ ಅವನು ಯೋಚಿಸಿದನೆಂದು ಹೇಳಲಾಗದು. ಕೈ ತಾನಾಗಿ ಹೋಯಿತು. ಕಾವಲುಗಾರ ಬಿಟ್ಟುಹೋದ ಗುದ್ದಲಿ ತೆಗೆದುಕೊಂಡು, ಹೊಸದಾಗಿ ತೆಗೆದ ಮಣ್ಣನ್ನು ಚಪ್ಪಡಿಯ ಮೇಲೆಳೆದು, ಕಾಲಿನಿಂದ ಸವರಿ ಸಮ ಮಾಡಿದ. ಆಮೇಲೆ ಗಾಡಿ ಹೊರಗೆ ತಂದು, ಮೈತೊಳೆದು, ಬಿಳಿ ಅಂಗಿ ತೊಟ್ಟು ದೊಡ್ಡಪ್ಪನಿಗೆ ಹೆಗಲು ಕೊಟ್ಟ. ಮಣ್ಣು ಹಾಕುವಾಗ ಅವನು ಬಿಕ್ಕಿ ಬಿಕ್ಕಿ ಅತ್ತದ್ದನ್ನು ಎಲ್ಲರೂ ನೋಡಿದರು. ಎಷ್ಟು ಪ್ರೀತಿ ನೋಡಿ ಎಂದರು.

ಕೆಲವು ದಿನಗಳ ಮೇಲೆ ಶೆಡ್ಡಿಗೆ ಒಬ್ಬ ದರ್ಜಿ ಬಂದ. ಪೇಟೆಬೀದಿಯ ಮೂಲೆಯಲ್ಲಿ ಅಂಗಡಿ ಇಟ್ಟುಕೊಂಡವನು. ಅಳತೆಯ ಟೇಪು ಕೊರಳಲ್ಲೇ ಇತ್ತು, ತೆಗೆದಿಡುವುದನ್ನು ಮರೆತು ಎದ್ದು ಬಂದಿದ್ದ. ಜಗಳಕ್ಕೆ ಬಂದವನ ಹಾಗೆ ಕಾಣಲಿಲ್ಲ.

"ಸ್ಮಶಾನದಲ್ಲಿ ನಮ್ಮ ಮಗೂದೊಂದು ಚಪ್ಪಡಿ ಇದೆ," ಎಂದ. "ವಾರಕ್ಕೊಂದು ಸಲ ಒರೆಸಿ ಬರ್ತೀನಿ. ಈ ಸಲ ಹೋದ್ರೆ ಮಣ್ಣು ಮುಚ್ಚಿತ್ತು. ಸರಿಸಿ ನೋಡಿದ್ರೆ ಒಡೆದಿದೆ. ಕಾವಲುಗಾರನ್ನ ಕೇಳಿದೆ, ಅವತ್ತು ಎರಡು ಗಾಡಿ ಬಂದಿತ್ತು ಅಂದ. ಯಾವುದು ಅಂತ ಕೇಳೋಣ ಅಂತ ಬಂದೆ."

ಭಾರಿಯಣ್ಣ ಕೈಯಲ್ಲಿದ್ದ ಸ್ಪ್ಯಾನರು ಕೆಳಗಿಟ್ಟ. ನಾನು ಎಂಬ ಒಂದು ಶಬ್ದ ಸಾಕಿತ್ತು. ಅದು ಗಂಟಲಿನವರೆಗೂ ಬಂತು. ಬಾಯಿಂದ ಹೊರಬಿದ್ದದ್ದು ಬೇರೆ.

"ನೋಡಿ, ದೊಡ್ಡ ಗಾಡಿ ಭಾರ ಇರುತ್ತೆ, ಒಂದು ಸಲ ಕಾಲೂರಿದ್ರೆ ಅಲ್ಲಾಡಲ್ಲ," ಎಂದ. "ಸಣ್ಣದು ಹಗುರ. ಗಟ್ಟಿ ನೆಲ ಸಿಕ್ಕಿದ್ರೆ ಎಗರುತ್ತೆ, ಕುಣಿಯುತ್ತೆ, ಅಕ್ಕಪಕ್ಕ ಸರಿಯುತ್ತೆ. ಅವತ್ತು ಬೆಳಗ್ಗೆಯಿಂದ ಸಣ್ಣದೇ ಅಲ್ಲಿತ್ತು. ನಂದು ಬಂದು ಹೋಗಿದ್ದು ಸ್ವಲ್ಪ ಹೊತ್ತು."

ಒಂದೊಂದು ಮಾತೂ ನಿಜ. ಒಟ್ಟುಗೂಡಿಸಿದರೆ ಶುದ್ಧ ಸುಳ್ಳು.

"ಹಾಗಾದ್ರೆ ಆ ಹೆಣ್ಣುಮಗಳ ಗಾಡಿ."

"ನಾನು ಹಾಗಂದಿಲ್ಲ. ಗಾಡಿ ವಿಷಯ ಹೇಳಿದೆ, ಅಷ್ಟೆ."

ದರ್ಜಿ ಮೂಲೆಯಲ್ಲಿದ್ದ ಸಣ್ಣ ಗಾಡಿಯನ್ನು ಸ್ವಲ್ಪ ಹೊತ್ತು ನೋಡಿದ. "ಆಗಲಿ," ಎಂದು ಹೊರಟುಹೋದ.

ಆ ಸಂಜೆ ತಂಗಿ ತಡವಾಗಿ ಬಂದಳು. ನೇರ ಅಡುಗೆಮನೆಗೆ ಹೋಗಿ ಅತ್ತಿಗೆಯ ಬಳಿ ಕುಳಿತಳು. ಭಾರಿಯಣ್ಣ ಮುಖ ತೊಳೆದು ಟವೆಲ್ಲಿಗೆ ಕೈಚಾಚಿದವನು ಗೋಡೆಯ ಈಚೆ ಹಾಗೇ ನಿಂತುಬಿಟ್ಟ.

"ನಂಗೆ ಗೊತ್ತಾಗಲೇ ಇಲ್ಲ ಅತ್ತಿಗೆ," ಎನ್ನುತ್ತಿದ್ದಳು ಅವಳು. "ಗಾಡಿ ಎಗರ್ತಾ ಇತ್ತು, ನಿಜ. ನಾನು ಬಕೆಟ್ ಕಡೆಗೇ ನೋಡ್ತಾ ಇದ್ದೆ. ಒಂದು ಸಲ ತಿರುಗಿ ನೋಡಿದ್ರೂ ಕಾಣ್ತಿತ್ತು. ಆ ದರ್ಜಿ ಸ್ಮಶಾನದ ಗೇಟಿನ ಹತ್ರ ನಿಲ್ಲಿಸಿ ಕೇಳಿದ. ಏನಂತ ಹೇಳಲಿ? ಕಾಲು ಹಿಡ್ಕೊಂಡು ತಪ್ಪಾಯ್ತು ಅಂದೆ."

"ನೀನೇ ಮಾಡಿದ್ದು ಅಂತ ಹೇಗೆ ಹೇಳ್ತೀಯೆ? ನಿಮ್ಮಣ್ಣನ ಗಾಡೀನೂ ಇತ್ತಲ್ಲ."

"ಅಣ್ಣಂದು ಅಲ್ಲಾಡಲ್ಲ ಅತ್ತಿಗೆ. ಮತ್ತೆ ಅಣ್ಣಂದಾಗಿದ್ರೆ ಅವನು ಹೇಳ್ತಿರ್ಲಿಲ್ವಾ?"

ಟವೆಲ್ಲು ಕೈಗೆ ಸಿಕ್ಕರೂ ಅವನು ಮುಖ ಒರೆಸಿಕೊಳ್ಳಲಿಲ್ಲ. ನೀರು ಗಲ್ಲದಿಂದ ಇಳಿದು ಅಂಗಿಯೊಳಗೆ ಹೋಯಿತು. ಅಡುಗೆಮನೆಯ ಹೊಸ್ತಿಲು ಒಂದು ಹೆಜ್ಜೆ ದೂರ. ಅವನು ಅದನ್ನು ದಾಟದೆ ಹಿತ್ತಲಿನ ಶೆಡ್ಡಿಗೆ ಹೋಗಿ, ಕೆಲಸವಿಲ್ಲದಿದ್ದರೂ ಗಾಡಿಯ ಬಾನೆಟ್ ಎತ್ತಿ ನಿಂತ.

ಅಲ್ಲಿಂದ ಮುಂದೆ ಅವನಿಗೆ ಮನೆಯಲ್ಲಿ ಕಣ್ಣಿಡಲು ಜಾಗವಿಲ್ಲದಂತಾಯಿತು. ತಂಗಿ ತಟ್ಟೆಯಲ್ಲಿ ಬೆರಳಾಡಿಸಿ ಏಳುತ್ತಿದ್ದಳು. ಅವಳ ಗಾಡಿಯ ಮೇಲೆ ಧೂಳು ಕೂತಿತು. ಕಾವಲುಗಾರ ಅವಳನ್ನು ಕರೆಯುವುದು ಬಿಟ್ಟ. ಕರೆದಿದ್ದರೂ ಅವಳು ಹೋಗುತ್ತಿರಲಿಲ್ಲ. ಹೇಳಿಬಿಡಬೇಕೆಂದು ಅವನು ದಿನಾ ಬೆಳಗ್ಗೆ ಏಳುತ್ತಿದ್ದ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನೆನ್ನುವುದು ಎಂದು ಹಿಂಜರಿಯುತ್ತಿದ್ದ. ಹಿಂಜರಿದಷ್ಟೂ ಆ ಪ್ರಶ್ನೆ ಬೆಳೆಯುತ್ತಲೇ ಹೋಗುತ್ತಿತ್ತು. ಒಂದು ಸಲ ಹೆಂಡತಿ ದೀಪ ಆರಿಸುತ್ತ, "ನಿಮಗೇನಾಗಿದೆ? ಮಾತೇ ಇಲ್ಲ," ಎಂದಾಗ "ದೊಡ್ಡಪ್ಪನ ನೆನಪು," ಎಂದ. ಸತ್ತವರನ್ನೂ ಬಿಡಲಿಲ್ಲವಲ್ಲ ಎಂದು ಗೋಡೆಯ ಕಡೆ ತಿರುಗಿ ಮಲಗಿದ.

ಆ ವಾರ ಒಬ್ಬ ಹೆಂಗಸು ಶೆಡ್ಡಿಗೆ ಬಂದಳು. ಊರಾಚೆ ಹಣ್ಣಿನ ತೋಟ ಮಾಡಿದವಳು, ಒಂದು ಬ್ಯಾಕ್‌ಹೋ ಕೊಳ್ಳುವ ಯೋಚನೆಯಲ್ಲಿದ್ದವಳು. ಎರಡೂ ಗಾಡಿಗಳನ್ನು ಸುತ್ತಿ ನೋಡಿ, "ನೀವಿಬ್ರೂ ಓಡಿಸೋರು. ನಂಗೆ ಯಾವುದು ಸರಿ ಅಂತೀರಾ?" ಎಂದು ಕೇಳಿದಳು.

ಭಾರಿಯಣ್ಣ ಬಗ್ಗಿ ಸ್ಪ್ಯಾನರುಗಳನ್ನು ಜೋಡಿಸತೊಡಗಿದ. ತಂಗಿ ಕೈಯೊರೆಸಿಕೊಂಡು ಬಂದಳು.

"ದೊಡ್ಡದೇ ನೋಡಿ ಮೇಡಂ. ಸಣ್ಣದು ಕೈಗೆ ಹಗುರ ಅನ್ಸುತ್ತೆ, ಆದ್ರೆ ಅಲ್ಲಾಡುತ್ತೆ. ಯಾರಿಗಾದ್ರೂ ಏನಾದ್ರೂ ಮಾಡಿಬಿಡುತ್ತೆ. ಸಣ್ಣದನ್ನ ನಂಬೋಕಾಗಲ್ಲ."

ಅವಳು ಕುಹಕಕ್ಕೆ ಹೇಳಿದ್ದಲ್ಲ. ನಂಬಿಯೇ ಹೇಳಿದ್ದಳು, ಅವನದೇ ಮಾತನ್ನು, ಅವನದೇ ಧಾಟಿಯಲ್ಲಿ. ಭಾರಿಯಣ್ಣನಿಗೆ ತಾನೇ ತನ್ನೆದುರು ನಿಂತು ಮಾತಾಡಿದಂತಾಯಿತು. ಪಕ್ಕದಲ್ಲಿದ್ದ ಟೈರಿನ ಮೇಲೆ ಕುಳಿತ.

"ಚಪ್ಪಡಿ ಒಡೆದದ್ದು ನನ್ನ ಗಾಡಿ," ಎಂದ.

ತೋಟದವಳು ಒಮ್ಮೆ ಇವನನ್ನು, ಒಮ್ಮೆ ತಂಗಿಯನ್ನು ನೋಡಿದಳು.

"ಯಾವಾಗ ಗೊತ್ತಾಯ್ತು?" ಎಂದಳು ತಂಗಿ.

"ಅವತ್ತೇ."

"ಅವತ್ತೇ ಅಂದ್ರೆ?"

"ಕಾಲು ಎತ್ತಿದಾಗಲೇ. ನಾನೇ ಮಣ್ಣೆಳೆದು ಮುಚ್ಚಿದೆ. ಆ ದರ್ಜಿ ಇಲ್ಲಿಗೆ ಬಂದಿದ್ದ. ನಿಂದು ಅಂತ ತಿಳ್ಕೊಳ್ಳೋ ಹಾಗೆ ಮಾತಾಡಿದೆ."

ಅವಳ ಮುಖದಲ್ಲಿ ಏನೇನೋ ಬಂದು ಹೋಯಿತು. ಬೈಯುತ್ತಾಳೆಂದುಕೊಂಡ. ಬೈದರೆ ಸಾಕು ಎಂದು ಹಾರೈಸಿದ. ಅವಳು ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ ಗಾಡಿಯ ಸೀಟಿನ ಮೇಲಿಟ್ಟು, ತೋಟದವಳ ಕಡೆಗೆ ತಿರುಗಿದಳು.

"ನಾನು ತಪ್ಪು ಹೇಳಿದೆ ಮೇಡಂ. ನಿಮ್ಮ ತೋಟದ ಗೇಟು ಎಷ್ಟು ಅಗಲ? ಮರಗಳ ಸಾಲಿನ ಮಧ್ಯೆ ಹೋಗ್ಬೇಕಾ?" ಎಂದು ಶುರುಮಾಡಿದಳು. ನೆಲ ಮೆತ್ತಗಿದ್ದು ಕೆಲಸ ಚಿಲ್ಲರೆಯಾದರೆ ಸಣ್ಣದು ಸಾಕು. ಕೆರೆ ತೋಡಬೇಕು, ಬಂಡೆ ಏಳಿಸಬೇಕು ಎಂದರೆ ಸಣ್ಣದರ ಸೊಂಟ ಮುರಿಯುತ್ತದೆ, ಅಂಥ ಒಂದೆರಡು ದಿನಕ್ಕೆ ದೊಡ್ಡದನ್ನು ಬಾಡಿಗೆಗೆ ತರಿಸಿಕೊಳ್ಳುವುದೇ ಮೇಲು. ದೊಡ್ಡದು ತಿರುಗಲು ಅಂಗಳವೇ ಬೇಕು, ಒದ್ದೆ ನೆಲದಲ್ಲಿ ಬೇರು ತುಳಿದು ಮರ ಸಾಯಿಸುತ್ತದೆ. ಯಾವುದೇ ಆಗಲಿ, ಕಾಲೂರುವ ಮೊದಲು ಇಳಿದು ಹೋಗಿ ನೆಲ ನೋಡಬೇಕು. ಎಲ್ಲವನ್ನೂ ನಿಧಾನವಾಗಿ, ದನಿ ನಡುಗದಂತೆ ಹಿಡಿದುಕೊಂಡು ಹೇಳಿದಳು. ಆಯಮ್ಮ ಹೋದ ಮೇಲೆ ಮಾತ್ರ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಭಾರಿಯಣ್ಣ ಎದ್ದು ದರ್ಜಿಯ ಅಂಗಡಿಗೆ ನಡೆದ. ಗಾಡಿಯಲ್ಲಿ ಹೋಗುವ ಮನಸ್ಸಾಗಲಿಲ್ಲ. ದರ್ಜಿ ಒಂದು ಕಾಲರು ಹೊಲಿಯುತ್ತಿದ್ದ. ಇವನು ಹೇಳಿ ಮುಗಿಸುವವರೆಗೂ ಪೆಡಲು ತುಳಿಯುವುದನ್ನು ನಿಲ್ಲಿಸಲಿಲ್ಲ. ಸದ್ದಿನ ಮೇಲೆ ದನಿಯೆತ್ತಿ ಹೇಳಬೇಕಾಯಿತು. ಬಟ್ಟೆ ಕೊಡಲು ಬಂದಿದ್ದ ಇಬ್ಬರಿಗೂ ಎಲ್ಲ ಕೇಳಿಸಿತು.

ದಾರ ಕತ್ತರಿಸಿ ದರ್ಜಿ ತಲೆಯೆತ್ತಿದ. "ನಾನು ಆ ಹೆಣ್ಣುಮಗಳಿಗೆ ಏನಂದೆ ಅಂತ ನಿಮಗೆ ಗೊತ್ತಾ?"

"ಇಲ್ಲ."

"ಅವಳು ಹೇಳಿಲ್ವಾ?"

"ಇಲ್ಲ."

"ನಾನೂ ಹೇಳಲ್ಲ." ಅವನು ಎದ್ದು, ಬಂದವರಿಗೆ ಆಮೇಲೆ ಬರುವಂತೆ ಹೇಳಿ, ಅಂಗಡಿಯ ಬಾಗಿಲೆಳೆದ. "ನಡೀರಿ. ಮೊದ್ಲು ಅವಳ ಹತ್ರ ಮಾತಾಡ್ಬೇಕು. ನಿಮ್ಮ ಲೆಕ್ಕ ಆಮೇಲೆ."

ದರ್ಜಿ ಮುಂದೆ, ಇವನು ಹಿಂದೆ. ಅಗಲವಾದ ಬೀದಿಯಾದರೂ ಪಕ್ಕಕ್ಕೆ ಹೋಗಿ ಜೊತೆಯಲ್ಲಿ ನಡೆಯುವ ಧೈರ್ಯ ಅವನಿಗಾಗಲಿಲ್ಲ. ಮನೆ ತಲುಪಿದ ಮೇಲೆ ದರ್ಜಿಯೂ ತಂಗಿಯೂ ಏನು ಮಾತಾಡಿದರೆಂದು ಅವನಿಗೆ ತಿಳಿಯದು. ಅವನನ್ನು ಯಾರೂ ಒಳಗೆ ಕರೆಯಲಿಲ್ಲ.

ಚಪ್ಪಡಿಯನ್ನು ಸರಿಮಾಡಿದ್ದು ಸಣ್ಣ ಗಾಡಿಯೇ. ದರ್ಜಿಗೆ ಹೊಸ ಕಲ್ಲು ಬೇಡವಾಗಿತ್ತು, ಅದೇ ಬೇಕಿತ್ತು. ತಂಗಿ ಬಕೆಟ್ಟಿಗೆ ಬೆಲ್ಟು ಬಿಗಿದು, ಮಲಗಿದ ಕೂಸನ್ನು ಎತ್ತುವಂತೆ ಒಂದೊಂದೇ ಹೋಳನ್ನು ಎತ್ತಿ ಗಾಳಿಯಲ್ಲಿ ಹಿಡಿದಳು. ಭಾರಿಯಣ್ಣ ಮೊಣಕಾಲೂರಿ ಕೆಳಗಿನ ಟೊಳ್ಳಿಗೆ ಮರಳು ತುಂಬಿ ಕೈಯಿಂದ ತಟ್ಟಿ ಸಮ ಮಾಡಿದ. ದರ್ಜಿ ಬಿರುಕಿಗೆ ಸಿಮೆಂಟು ಸವರಿದ. ಕೂಡಿದರೂ ಗೆರೆ ಉಳಿಯಿತು. ಕಾವಲುಗಾರ ಎಲ್ಲ ಮುಗಿಯುವವರೆಗೂ ಭಾರಿಯಣ್ಣನ ಕಡೆ ನೋಡದೆ, ತಂಗಿಗೆ ಮಾತ್ರ ಕುಡಿಯಲು ನೀರು ತಂದುಕೊಟ್ಟ.

ಆಮೇಲೆ ಅವನು ಹೇಳಬೇಕಾದವರಿಗೆಲ್ಲ ಹೇಳಿದ. ಹೆಂಡತಿಗೆ ಹೇಳಿದಾಗ ಅವಳು ಸೊಪ್ಪು ಸೋಸುವುದನ್ನು ಬಿಟ್ಟು ಎದ್ದುಹೋದಳು. ಭಾವ "ಹೋಗಲಿ ಬಿಡು, ಕಲ್ಲು ತಾನೆ," ಎಂದ; ಆ ಸಮಾಧಾನ ಬೈಗುಳಕ್ಕಿಂತ ಚುಚ್ಚಿತು. ರಿಪೇರಿ ಅಂಗಡಿಯಲ್ಲಿ ಹೇಳಲು ಶುರುಮಾಡಿದಾಗ ಹಳೇ ರೂಢಿಯಂತೆ ಎಲ್ಲರೂ ತಮಾಷೆಯೆಂದುಕೊಂಡು ನಗಲು ಬಾಯಿ ತೆರೆದರು. ಇವನು ಹೇಳುತ್ತಲೇ ಹೋದ. ಒಬ್ಬೊಬ್ಬರಾಗಿ ಬಾಯಿ ಮುಚ್ಚಿಕೊಂಡು ಕೆಲಸಕ್ಕೆ ತಿರುಗಿದರು.

ತಂಗಿ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಎಣ್ಣೆ ಬದಲಿಸಿದ್ದೀಯಾ, ಆ ಜ್ಯಾಕ್ ಎಲ್ಲಿ, ನಾಳೆ ನಿನಗೆ ಯಾವ ಕಡೆ ಕೆಲಸ ಎಂದು ಮೊದಲಿನಂತೆಯೇ ಕೇಳುತ್ತಿದ್ದಳು. ಮತ್ತೆ ಕೆಲಸಕ್ಕೆ ಹೋಗತೊಡಗಿದಳು. ತೋಟದವಳು ಕೊಂಡ ಸಣ್ಣ ಗಾಡಿಯನ್ನು ಓಡಿಸಲು ಕಲಿಸಿಯೂ ಬಂದಳು. ಕೆಲಸದ ಮಾತು ಮುಗಿದ ಮೇಲೆ ಮಾತ್ರ ಅವರಿಬ್ಬರ ನಡುವೆ ಏನೂ ಉಳಿಯುತ್ತಿರಲಿಲ್ಲ.

ತಿಂಗಳುಗಳ ಮೇಲೆ ಒಂದು ಸಂಜೆ ಇಬ್ಬರೂ ಶೆಡ್ಡಿನಲ್ಲಿದ್ದರು. ಅವನು ಅವಳ ಗಾಡಿಯ ಹೋಸ್ ಪೈಪು ಬದಲಿಸಿಕೊಡುತ್ತಿದ್ದ, ಅವಳು ಟಾರ್ಚು ಹಿಡಿದಿದ್ದಳು.

"ಅಣ್ಣ," ಎಂದಳು. "ಅವತ್ತು ಮಣ್ಣೆಳೆದ್ಯಲ್ಲ. ಆಗ ಆ ಮಗೂ ಹೆಸರು ಕಾಣ್ತಾ ಇತ್ತಾ?"

ಅವನ ಕೈ ನಿಂತಿತು. ಇದನ್ನು ದರ್ಜಿಯೂ ಕೇಳಿರಲಿಲ್ಲ. ಕಾಣಲಿಲ್ಲ ಎನ್ನಬಹುದಿತ್ತು, ಯಾರಿಗೆ ಗೊತ್ತಾಗುತ್ತಿತ್ತು?

"ಕಾಣ್ತಾ ಇತ್ತು," ಎಂದ. "ಓದಿದೆ. ಆಮೇಲೆ ಮುಚ್ಚಿದೆ."

ಟಾರ್ಚಿನ ಬೆಳಕು ಸ್ವಲ್ಪ ಹೊತ್ತು ಅವನ ಮುಖದ ಮೇಲಿತ್ತು. ಅವನು ತಲೆ ತಗ್ಗಿಸಿದ. ಆಮೇಲೆ ಅವಳು ಬೆಳಕನ್ನು ಮತ್ತೆ ಅವನ ಕೈಗಳ ಕಡೆಗೆ, ಬಿಗಿಯಬೇಕಾಗಿದ್ದ ನಟ್ಟಿನ ಕಡೆಗೆ ಇಳಿಸಿದಳು.